ದಾರಿ ಮುಚ್ಚಿದಾಗ

ಬಯಲು ಸೀಮೆಯವರಾದ ನಮಗೆ ದಾರಿಯೆಂದರೆ ಒಮ್ಮೆ ಹಾಕಿದರೆ ಹಾಕಿದಲ್ಲಿಯೇ ಇರುವ ವಸ್ತು. ಅದರ ವಿಚಾರ ನಮ್ಮ ಮನಸ್ಸಿಗೆ ಬರುವುದು ಹೊಂಡ ಬಿದ್ದಾಗ ಮಾತ್ರ. ಹಿಮಾಲಯದಲ್ಲಿ ದಾರಿಯನ್ನು ವರ್ಷವರ್ಷವೂ ಬೆಟ್ಟದಿಂದ ಹೊಸದಾಗಿ ಕೇಳಿ ಪಡೆಯಬೇಕು. ಬೆಟ್ಟ ಕೊಡಲೂಬಹುದು, ಕೊಡದಿರಲೂಬಹುದು. ಕೇದಾರನಾಥದ ಕಾಲುದಾರಿಯ ಈಚಿನ ಚರಿತ್ರೆಯನ್ನು ಬಲ್ಲವರಿಗೆ ಈ ಮಾತು ಅತಿಶಯವೆಂದು ತೋರಲಾರದು.

2013ಕ್ಕೆ ಮೊದಲು ಯಾತ್ರಿಕರು ಗೌರಿಕುಂಡದಿಂದ ಹೊರಟು, ಮಂದಾಕಿನಿಯ ಪಕ್ಕದಲ್ಲಿ 14 ಕಿಲೋಮೀಟರು ಏರಿ ದೇವಾಲಯವನ್ನು ಮುಟ್ಟುತ್ತಿದ್ದರು. ನಡುದಾರಿಯಲ್ಲಿ ರಾಂಬಾಡಾ ಎಂಬ ತಂಗುದಾಣವಿತ್ತು. ಚಹಾದ ಅಂಗಡಿಗಳು, ಧರ್ಮಶಾಲೆಗಳು, ಹೇಸರಗತ್ತೆಗಳ ಗಂಟೆಯ ಸದ್ದು. ಆ ವರ್ಷದ ಜೂನ್ 15ರ ಸಂಜೆಯಿಂದ 16ರ ಸಂಜೆಯವರೆಗೆ, ಒಂದೇ ದಿನದಲ್ಲಿ, ಚೋರಾಬಾರಿ ಹಿಮನದಿಯ ಬಳಿಯ ಮಳೆಮಾಪಕದಲ್ಲಿ 325 ಮಿಲಿಮೀಟರು ಮಳೆ ದಾಖಲಾಯಿತು. 16ರ ಸಂಜೆ ಒಂದು ಪ್ರವಾಹ ಬಂದಿತು. 17ರ ಬೆಳಗ್ಗೆ ಮತ್ತೊಂದು.

ಈ ಎರಡನೆಯ ಪ್ರವಾಹದ ಕಾರಣವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ದೇವಾಲಯದ ಮೇಲ್ಗಡೆ ಚೋರಾಬಾರಿ ಸರೋವರವಿತ್ತು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದಂಶವನ್ನು ಅಲ್ಲಿ ವಿಸರ್ಜಿಸಿದುದರಿಂದ ಅದಕ್ಕೆ ಗಾಂಧಿ ಸರೋವರವೆಂದೂ ಹೆಸರು. ಅದಕ್ಕೆ ಕಟ್ಟೆಯಾಗಿದ್ದುದು ಹಿಮನದಿಯು ಹಿಂದೆಂದೋ ತಂದು ಒಟ್ಟಿದ್ದ ಕಲ್ಲುಮಣ್ಣಿನ ಸಡಿಲವಾದ ದಿಬ್ಬ. ಕೆರೆಗೆ ಕೋಡಿಯಿರಲಿಲ್ಲ. ಮಳೆಯ ನೀರೂ ಕರಗಿದ ಹಿಮವೂ ಒಟ್ಟಿಗೆ ತುಂಬಿದಾಗ ದಿಬ್ಬ ಒಡೆಯಿತು. ಕೆಲವೇ ನಿಮಿಷಗಳಲ್ಲಿ ಸರೋವರ ಬರಿದಾಯಿತು. ದೇವಾಲಯದ ಬೆನ್ನಿಗೆ ಬಂದು ನಿಂತ ಒಂದು ಹೆಬ್ಬಂಡೆಯಿಂದ ನೀರು ಇಬ್ಭಾಗವಾಗಿ, ಗುಡಿ ಉಳಿಯಿತು. ರಾಂಬಾಡಾ ಉಳಿಯಲಿಲ್ಲ. ಅಲ್ಲಿಂದ ಮೇಲಿನ ದಾರಿಯೂ ಉಳಿಯಲಿಲ್ಲ. ನೀರಿಗೆ ಸಿಕ್ಕದೆ ಕಾಡಿನತ್ತ ಏರಿದವರಲ್ಲಿಯೂ ಅನೇಕರು ಚಳಿಗೂ ಹಸಿವಿಗೂ ಬಲಿಯಾದರು. ಆ ಮಳೆಯಲ್ಲಿ ಉತ್ತರಾಖಂಡದಲ್ಲಿ ಸತ್ತವರು, ಕಾಣೆಯಾದವರು ಸೇರಿ ಐದು ಸಾವಿರಕ್ಕೂ ಮೇಲೆ.

ಹಳೆಯ ದಾರಿ ಹೋದಮೇಲೆ ಹೊಸದೊಂದನ್ನು ಕಡಿಯಬೇಕಾಯಿತು. ನೆಹರೂ ಪರ್ವತಾರೋಹಣ ಸಂಸ್ಥೆಯವರು ಮುಂದೆ ನಿಂತು, ಹಿಮದ ನಡುವೆಯೇ ಕೂಲಿಕಾರರನ್ನು ಕಲೆಹಾಕಿಕೊಂಡು ದುಡಿದರು. 2014ರ ಮೇ ತಿಂಗಳಲ್ಲಿ ಯಾತ್ರೆ ಮತ್ತೆ ಮೊದಲಾಯಿತು. ರಾಂಬಾಡಾದಲ್ಲಿ ಹೊಳೆಯನ್ನು ದಾಟಿ, ಎದುರು ದಡದ ಲಿಂಚೋಲಿಯ ಮೇಲೆ ಹೋಗುವ ಈ ದಾರಿ ಸುಮಾರು 16 ಕಿಲೋಮೀಟರು, ಹಳೆಯದಕ್ಕಿಂತ ಕಡಿದು.

ನಾನು ಈ ದಾರಿಯಲ್ಲಿ ನಡೆದದ್ದು 2024ರ ಅಕ್ಟೋಬರಿನಲ್ಲಿ. ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈ 31ರ ರಾತ್ರಿ, ಮತ್ತೆ ಅಂಥದೇ ಮಳೆ ಬಿದ್ದಿತ್ತು. ಇಪ್ಪತ್ತಕ್ಕೂ ಹೆಚ್ಚು ಕಡೆ ದಾರಿ ಕಿತ್ತುಹೋಗಿ, ಸಾವಿರಾರು ಮಂದಿ ನಡುವೆ ಸಿಕ್ಕಿಕೊಂಡು, ಸೇನೆಯ ಹೆಲಿಕಾಪ್ಟರುಗಳು ಬಂದು ಎತ್ತಿಕೊಂಡು ಹೋಗಬೇಕಾಗಿತ್ತು. ಕಾಲ್ನಡೆಯ ಯಾತ್ರೆ ಹಲವು ವಾರ ನಿಂತಿತ್ತು. ನಾನು ಹೋದಾಗ ಗಾಯ ಇನ್ನೂ ಮಾದಿರಲಿಲ್ಲ. ಕಲ್ಲುಹಾಸು ಇದ್ದಕ್ಕಿದ್ದಂತೆ ಮುಗಿದು ಹಸಿ ಮಣ್ಣು ಕಾಣಿಸುತ್ತಿತ್ತು; ಮುಂದೆ ತಂತಿಬಲೆಯಲ್ಲಿ ಕಲ್ಲು ತುಂಬಿ ಕಟ್ಟಿದ ಹೊಸ ಗೋಡೆ; ಅದರ ಕೆಳಗೆ ನೋಡಲು ಧೈರ್ಯ ಸಾಲದಷ್ಟು ಆಳದಲ್ಲಿ ಮಂದಾಕಿನಿ. ಎದುರು ದಡದಲ್ಲಿ ಹಳೆಯ ದಾರಿಯ ಗೆರೆ ಅಲ್ಲಲ್ಲಿ ತೋರಿ ಮರೆಯಾಗುತ್ತಿತ್ತು, ಅಳಿಸಿದ ಪಾಟಿಯ ಮೇಲೆ ಉಳಿದ ಬಳಪದ ಗುರುತಿನಂತೆ.

ಒಂದು ತಿರುವಿನಲ್ಲಿ ಐದಾರು ಮಂದಿ ಕೂಲಿಕಾರರು ಬಂಡೆಯೊಂದನ್ನು ಹಾರೆಯಿಂದ ಮೀಟುತ್ತಿದ್ದರು. ನಮ್ಮನ್ನು ಅರ್ಧ ಗಂಟೆ ನಿಲ್ಲಿಸಿದರು. ನನ್ನ ಪಕ್ಕದಲ್ಲಿದ್ದ ಹುಬ್ಬಳ್ಳಿಯ ಕಡೆಯ ಯಜಮಾನರೊಬ್ಬರು, "ಎರಡು ಸಾವಿರ ಮೈಲಿಯಿಂದ ಬಂದೇವ್ರಿ, ಇಲ್ಲಿ ನಿಲ್ಲಸತಾರ!" ಎಂದು ಬೇಸರಪಟ್ಟರು. ನಾನು ಹಿಂದಿಯಲ್ಲಿ ಅದನ್ನೇ ಕೆಲಸಗಾರನೊಬ್ಬನಿಗೆ ಹೇಳಿದೆ. ಆತ ಹಾರೆಯ ಮೇಲಿನ ಕೈ ತೆಗೆಯದೆ, "ಕಲ್ಲು ಇನ್ನೂ ಕೂತಿಲ್ಲ, ಬಾಬೂಜಿ" ಎಂದ. ಅಷ್ಟೇ. ಯಜಮಾನರು ಮತ್ತೆ ಮಾತಾಡಲಿಲ್ಲ. ಕೋಲೂರಿಕೊಂಡು ಗೋಡೆಗೆ ಒರಗಿ ಕುಳಿತರು.

ಅವರ ಆತುರ ಅವರೊಬ್ಬರದಲ್ಲ. 2012ರಲ್ಲಿ ಕೇದಾರಕ್ಕೆ ಬಂದವರು ಆರು ಲಕ್ಷದೊಳಗೆ. 2023ರಲ್ಲಿ ಹತ್ತೊಂಬತ್ತು ಲಕ್ಷಕ್ಕೂ ಮಿಗಿಲು. ದಾರಿ ಒಂದು ದಿನ ಮುಚ್ಚಿದರೂ ಕೆಳಗೆ ಸೋನಪ್ರಯಾಗದಲ್ಲಿ ಜನ ತುಂಬುತ್ತಾರೆ. ಹೋಟೆಲಿನವನು, ಡೋಲಿ ಹೊರುವವನು, ಹೇಸರಗತ್ತೆಯವನು, ಎಲ್ಲರಿಗೂ ವರ್ಷದ ಅನ್ನ ಈ ಆರು ತಿಂಗಳಲ್ಲಿಯೇ ದುಡಿಯಬೇಕಾದದ್ದು. ಆದ್ದರಿಂದ ಬೇಗ ತೆರೆಯಿರಿ ಎಂಬ ಕೂಗನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ. ಆದರೆ ರಾಂಬಾಡಾದಿಂದ ಮೇಲಕ್ಕೆ ಕಣಿವೆಯ ಇಕ್ಕೆಲಗಳಲ್ಲಿರುವುದು ಬಹುಮಟ್ಟಿಗೆ ಹಿಮನದಿ ಬಿಟ್ಟುಹೋದ ಸಡಿಲ ರಾಶಿ. ದಾರಿಯನ್ನು ಅಡ್ಡಹಾಯುವ ಪ್ರತಿಯೊಂದು ಹಳ್ಳವೂ ಮಳೆಗಾಲದಲ್ಲಿ ಆ ರಾಶಿಯನ್ನು ಕೆಳಗಿಳಿಸುವ ಜಾರು. ನಮ್ಮ ಅವಸರಕ್ಕೆ ಮಣಿದು ಅದು ಗಟ್ಟಿಯಾಗುವುದಿಲ್ಲ.

ವಿಚಿತ್ರವೆಂದರೆ, ಮುಚ್ಚುವುದು ಕೇದಾರಕ್ಕೆ ಹೊಸದಲ್ಲ. ಕಾರ್ತೀಕದಲ್ಲಿ ಬಾಗಿಲು ಹಾಕಿ ಉತ್ಸವಮೂರ್ತಿಯನ್ನು ಊಖೀಮಠಕ್ಕೆ ಇಳಿಸುತ್ತಾರೆ. ಮತ್ತೆ ತೆರೆಯುವ ದಿನವನ್ನು ಅಲ್ಲಿಯೇ ಶಿವರಾತ್ರಿಯಂದು ಸಾರುತ್ತಾರೆ. ಕೇದಾರದ ರಾವಲರು ಪರಂಪರೆಯಿಂದ ನಮ್ಮ ಕರ್ನಾಟಕದ ವೀರಶೈವ ಜಂಗಮರು. ಹಿಮ ಬಿದ್ದಾಗ ದೇವರೇ ದಾರಿ ಬಿಟ್ಟು ಕೆಳಗಿಳಿಯುವ ಕ್ರಮವನ್ನು ಅವರೂ ಯಾತ್ರಿಕರೂ ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿದ್ದಾರೆ. ಅದರಲ್ಲಿ ಯಾರೂ ಅವಮಾನ ಕಂಡಿಲ್ಲ. ಹಿಮಕ್ಕೆ ಸಲ್ಲಿಸಿದ ಈ ಮರ್ಯಾದೆಯನ್ನು ಮಳೆಗೂ ಸಲ್ಲಿಸಬಾರದೇಕೆ ಎಂಬುದು ನನ್ನ ಪ್ರಶ್ನೆ. ಮುನ್ಸೂಚನೆ ಬಂದ ದಿನ ಕೆಳಗೇ ಉಳಿಯುವುದನ್ನು, ದುರಸ್ತಿಯ ವಾರಗಳನ್ನು ದಾರಿ ಮಾಡುವವರಿಗೆ ಬಿಟ್ಟುಕೊಡುವುದನ್ನು, ಆ ದಿನಗಳ ಕೂಲಿ ತಪ್ಪಿದವರಿಗೆ ಏನಾದರೂ ಆಧಾರ ಒದಗಿಸುವುದನ್ನು ಯಾತ್ರೆಯ ನಿಯಮಗಳಲ್ಲಿಯೇ ಸೇರಿಸಬಹುದು.

ಅರ್ಧ ಗಂಟೆ ಕಳೆದಮೇಲೆ ಆ ಕಲ್ಲು ತನ್ನ ಜಾಗದಲ್ಲಿ ಕೂತಿತು. ಕೆಲಸಗಾರ ಅದರ ಮೇಲೆ ತಾನೇ ಹತ್ತಿ ನಿಂತು, ಎರಡು ಸಲ ಕಾಲು ಕುಟ್ಟಿ ನೋಡಿ, ಆಮೇಲೆ ನಮ್ಮತ್ತ ಕೈ ಬೀಸಿದ. ನಮಗಿಂತ ಮೊದಲು ಆ ಕಲ್ಲಿನ ಮೇಲೆ ತನ್ನ ಜೀವದ ಭಾರವಿಟ್ಟು ನೋಡಿದವನು ಅವನು. ದಾರಿ ತೆರೆದಿದೆ ಎಂಬ ಮಾತನ್ನು ಹೇಳುವ ಅಧಿಕಾರ ಅಂಥವನಿಗೆ ಸಲ್ಲಬೇಕು; ಕಾಯುವುದು ನಮ್ಮ ಪಾಲಿನ ಕೆಲಸ.