ಹೀರೋ ಪಿಸುಗುಟ್ಟಿದ, ನಾನು ಕಿರುಚಿದೆ!

‘ಏನೂ ಕೇಳಿಸ್ತಾ ಇಲ್ಲ ಗುರೂ... ಸೌಂಡು, ಸೌಂಡು!’

ಟಾಕೀಸಿನಲ್ಲಿ ಡೈಲಾಗ್ ಸಣ್ಣಗಾದರೆ ಗಾಂಧಿ ಕ್ಲಾಸಿನಿಂದ ಏಳುವ ಈ ಕೂಗು ನಿಮಗೆ ಗೊತ್ತೇ ಇದೆ. ನಾನೂ ಎಷ್ಟೋ ಸಲ ಕೂಗಿದವನೇ. ಅದೇ ಕೂಗು ಒಂದು ದಿನ ನನ್ನ ಕಡೆಗೇ ತಿರುಗಿ ಬಂತು ನೋಡಿ, ಆಗ ಗೊತ್ತಾಯ್ತು ಸ್ವಾಮಿ, ಶಬ್ದದ ಕಷ್ಟ ಏನು ಅಂತ!

ನಾವು ಮೂವರು ಗೆಳೆಯರು ಸೇರಿ ಸಿನಿಮಾ ಹರಟೆಯ ಪಾಡ್‌ಕಾಸ್ಟ್ ಮಾಡ್ತೀವಿ. ನಮ್ಮ ಮೊದಲ ಅತಿಥಿ, ನಮ್ಮೂರ ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದ ಆಪರೇಟರ್ ಯಜಮಾನರು. ಕಾರ್ಬನ್ ಕಡ್ಡಿ ಉರಿಸಿ ಪರದೆಗೆ ಬೆಳಕು ಕೊಟ್ಟವರು. ಇಪ್ಪತ್ತು ನಿಮಿಷಕ್ಕೊಂದು ರೀಲು ಮುಗಿಯೋದು, ಪರದೆಯ ಬಲ ಮೂಲೆಯಲ್ಲಿ ಚುಕ್ಕಿ ಮಿಂಚಿದ ತಕ್ಷಣ ಎರಡನೇ ಪ್ರೊಜೆಕ್ಟರ್‌ಗೆ ಬದಲಾಯಿಸೋದು, ಎಲ್ಲಾ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಸೆಕೆಂಡ್ ಷೋ ನಡೀತಿದ್ದಾಗ ಮಗಳು ಹುಟ್ಟಿದ ಸುದ್ದಿ ಕ್ಯಾಬಿನ್ನಿಗೆ ಬಂತಂತೆ. ರೀಲು ಬಿಟ್ಟು ಹೋಗೋ ಹಾಗಿಲ್ಲ. ಚುಕ್ಕಿ ಕಾಯುತ್ತಾ ನಿಂತರಂತೆ, ಕಣ್ಣಲ್ಲಿ ನೀರು ತುಂಬಿ ಚುಕ್ಕಿಯೇ ಕಾಣಲಿಲ್ಲವಂತೆ!

ಮನೆಗೆ ಬಂದು ರೆಕಾರ್ಡಿಂಗ್ ಹಾಕಿ ಕೇಳಿದರೆ ಆ ಮಾತೇ ಇಲ್ಲ. ಗಿರಗಿರ ಫ್ಯಾನು, ಅದರ ನಡುವೆ ಯಾರೋ ಬಾವಿಯೊಳಗಿಂದ ಗೊಣಗಿದ ಹಾಗೆ. ಮೇಲಿಂದ ನನ್ನ ‘ಹಹ್ಹಹ್ಹಾ’, ಸಿಡಿಲು ಬಡಿದ ಹಾಗೆ!

‘ಲೋ, ವಾಲ್ಯೂಮ್ ಜಾಸ್ತಿ ಮಾಡೋ’ ಅಂದ ಗೆಳೆಯ. ಮಾಡಿದೆ. ಯಜಮಾನರ ದನಿ ಏರಿತು ನಿಜ, ಜೊತೆಗೆ ಫ್ಯಾನೂ ಏರಿತು. ನನ್ನ ನಗುವಂತೂ ಒಡೆದ ತಗಡಾಯ್ತು. ಡಿಜಿಟಲ್ ಶಬ್ದಕ್ಕೆ ಸೊನ್ನೆ ಡೆಸಿಬಲ್ಲೇ ಸೂರು. ಅದಕ್ಕಿಂತ ಮೇಲೆ ಹೋದದ್ದರ ತಲೆ ಕತ್ತರಿಸಿ ಹೋಗುತ್ತೆ. ಹಾಗೇ ಸೇವ್ ಮಾಡಿದರೆ ಆಮೇಲೆ ಎಷ್ಟು ಇಳಿಸಿದರೂ ಹೋದ ತಲೆ ವಾಪಸ್ ಬರೋಲ್ಲ.

ವಿಲನ್ ಯಾರು?

ಮೈಕೇ ಸರಿಯಿಲ್ಲ ಅಂತ ದುಬಾರಿ ಮೈಕ್ ಕೊಳ್ಳೋಕೆ ಹೊರಟಿದ್ದೆ. ಸದ್ಯ, ಕೊಳ್ಳಲಿಲ್ಲ! ವಿಲನ್ ಮೈಕಲ್ಲ, ದೂರ. ಬಾಯಿಗೂ ಮೈಕಿಗೂ ಇರುವ ದೂರ ದುಪ್ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತೆ. ನಾನಿದ್ದದ್ದು ಒಂದು ಅಡಿ ದೂರದಲ್ಲಿ, ಯಜಮಾನರು ನಾಲ್ಕು ಅಡಿ. ಅಲ್ಲಿಗೇ 12 ಡೆಸಿಬಲ್ ಮೋಸ! ಫ್ಯಾನಿಗೆ ಮಾತ್ರ ಯಾವ ಮೋಸವೂ ಇಲ್ಲ, ನೆತ್ತಿಯ ಮೇಲೇ ತಿರುಗ್ತಾ ಇತ್ತು.

1931ರಲ್ಲಿ ‘ಆಲಂ ಆರಾ’ ತೆಗೆದವರು ರೈಲಿನ ಸದ್ದಿಗೆ ಹೆದರಿ ರಾತ್ರಿ ಹೊತ್ತು ಶೂಟಿಂಗ್ ಮಾಡಿದ್ದರು. ನಮಗೆ ಒಂದು ಫ್ಯಾನ್ ಸ್ವಿಚ್ ಒತ್ತೋಕೆ ತೋಚಲಿಲ್ಲವಲ್ಲ!

ಮತ್ತೆ ಅವರ ಮನೆಗೆ ಹೋದೆವು. ಈ ಸಲ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಎರಡು, ಮೊಬೈಲ್ ಎರಡು. ಗಲ್ಲದಿಂದ ಒಂದು ಗೇಣು ಕೆಳಗೆ ಅವರಿಗೊಂದು, ನನಗೊಂದು. ಒಬ್ಬೊಬ್ಬರ ದನಿ ಬೇರೆ ಬೇರೆ ಫೋನಿನಲ್ಲಿ. ಶುರುವಿಗೆ ಒಂದು ಚಪ್ಪಾಳೆ ತಟ್ಟಿದೆ. ಸಿನಿಮಾದಲ್ಲಿ ಕ್ಲಾಪ್ ಹೊಡೆಯೋದು ಬರೀ ಮುಹೂರ್ತದ ಫೋಟೋಗೆ ಅಂದ್ಕೊಂಡಿದ್ದೀರಾ? ‘ಟಪ್’ ಅನ್ನೋ ಆ ಶಬ್ದದ ಗೆರೆ ಎರಡೂ ರೆಕಾರ್ಡಿಂಗಿನಲ್ಲಿ ಚೂಪಾಗಿ ಎದ್ದು ಕಾಣುತ್ತೆ. ಒಂದರ ಕೆಳಗೊಂದು ಇಟ್ಟು ಹೊಂದಿಸಿದರೆ ಮಾತಿಗೆ ಮಾತು ಕೂಡುತ್ತೆ. ಬರಿಗೋಡೆಯ ಮಾರ್ದನಿ ತಡೆಯೋಕೆ ಕಿಟಕಿಗೆ ಕಂಬಳಿ ಕಟ್ಟಿದೆವು. ‘ಏನಪ್ಪಾ, ಮನೆಯಲ್ಲಿ ಬಾಣಂತಿ ಇದ್ದಾಳಾ?’ ಅಂತ ಯಜಮಾನರು ನಕ್ಕರು. ರೆಕಾರ್ಡ್ ಮಾಡುವಾಗ ಮೀಟರಿನ ಮುಳ್ಳು ಜೋರು ಮಾತಿಗೂ ಮೈನಸ್ 12ರ ಆಸುಪಾಸಿನಲ್ಲೇ ಇರೋ ಹಾಗೆ ನೋಡಿಕೊಂಡೆ. ಸ್ವಲ್ಪ ಮೆತ್ತಗಿದ್ದರೆ ಆಮೇಲೆ ಏರಿಸಬಹುದು.

ಮಿಕ್ಕದ್ದು ಕಂಪ್ಯೂಟರ್ ಕೆಲಸ. ಆಡಾಸಿಟಿ ಅನ್ನೋ ಸಾಫ್ಟ್‌ವೇರಿಗೆ ಕಾಸು ಕೊಡಬೇಕಿಲ್ಲ. ಮೊದಲು 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಅನ್ನೋದನ್ನ ಕತ್ತರಿಸಿದೆ. ಆಮೇಲೆ ಕಂಪ್ರೆಸರ್. ಇದು ಜೋರು ಮಾತನ್ನು ಸ್ವಲ್ಪ ಅದುಮುತ್ತೆ, ಆಗ ಮೆತ್ತನೆ ಮಾತನ್ನು ಮೇಲೆತ್ತೋಕೆ ಜಾಗ ಸಿಗುತ್ತೆ. ಮೂರಕ್ಕೆ ಒಂದರ ಲೆಕ್ಕ ಸಾಕು. ಆಸೆಬಿದ್ದು ಹೆಚ್ಚು ಅದುಮಿದರೆ ಉಸಿರಾಟವೂ ಬುಸುಗುಟ್ಟಿ ಕೇಳುತ್ತೆ, ಅನುಭವ ಆಗಿದೆ!

ಕಡೆಯದು ಲೌಡ್‌ನೆಸ್. ಮೀಟರ್ ತೋರಿಸುವ ತುತ್ತತುದಿ ಬೇರೆ, ಒಟ್ಟಾರೆ ಕಿವಿಗೆ ಎಷ್ಟು ಜೋರು ಅನ್ನೋದು ಬೇರೆ. ಈ ಎರಡನೆಯದರ ಅಳತೆಯೇ ಎಲ್‌ಯುಎಫ್‌ಎಸ್. ಆಪಲ್ ಪಾಡ್‌ಕಾಸ್ಟ್ಸ್‌ನವರು ಹೇಳೋದು ಮೈನಸ್ 16, ತುದಿ ಮೈನಸ್ 1 ದಾಟಬಾರದು. ಸ್ಪಾಟಿಫೈನವರದು ಮೈನಸ್ 14. ನಾವು 16ಕ್ಕೇ ಗಂಟು ಹಾಕಿದೆವು. ಎಲ್ಲಾ ಕಂತುಗಳೂ ಒಂದೇ ಮಟ್ಟದಲ್ಲಿದ್ದರೆ ಬಸ್ಸಿನಲ್ಲಿ ಕೂತು ಕೇಳುವವನು ಸಲಸಲಕ್ಕೂ ಗುಂಡಿ ಒತ್ತಬೇಕಿಲ್ಲ.

ಹೊಸ ರೆಕಾರ್ಡಿಂಗು ಗಂಟೆ ಹೊಡೆದ ಹಾಗೆ ಬಂತು. ಆದರೆ ಮಗಳು ಹುಟ್ಟಿದ ರಾತ್ರಿಯ ಮಾತು? ‘ಅದನ್ನ ಆವತ್ತೇ ಹೇಳಿದೆನಲ್ಲಪ್ಪಾ’ ಅಂದುಬಿಟ್ಟರು. ಒತ್ತಾಯ ಮಾಡಿದ್ದಕ್ಕೆ ಎರಡೇ ಸಾಲು, ವರದಿ ಓದಿದ ಹಾಗೆ. ಆವತ್ತಿನ ನಡುಗುವ ದನಿ ಇಲ್ಲವೇ ಇಲ್ಲ.

ಹಳೇ ರೆಕಾರ್ಡಿಂಗನ್ನೇ ಮತ್ತೆ ತೆಗೆದೆ. ನಾಯ್ಸ್ ರಿಡಕ್ಷನ್ ಹಾಕಿದರೆ ಫ್ಯಾನ್ ಸದ್ದಿನ ಜೊತೆ ಅವರ ದನಿಯೂ ನೀರೊಳಗಿನ ಮಾತಿನ ಹಾಗಾಯ್ತು. ಅರ್ಧಕ್ಕೆ ನಿಲ್ಲಿಸಿದೆ. ನನ್ನ ನಗುವನ್ನು ಪೂರ್ತಿ ಕತ್ತರಿಸಿ, ಆ ಒಂದೂವರೆ ನಿಮಿಷವನ್ನು ಕಂತಿನ ಕೊನೆಗೆ ಸೇರಿಸಿದ್ದೀವಿ. ಇಯರ್‌ಫೋನ್ ಹಾಕ್ಕೊಂಡು ಕೇಳಬೇಕು. ಫ್ಯಾನು ಹಾಗೇ ಇದೆ.