ಉಣಕಲ್ ಕೆರಿಯ ಮಣ್ಣು

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸು ಭೈರಿದೇವರಕೊಪ್ಪ ದಾಟಿತೆಂದರೆ, ಮೊಬೈಲಿನಲ್ಲಿ ಮುಳುಗಿದವರೂ ಒಮ್ಮೆ ಕತ್ತೆತ್ತುತ್ತಾರೆ. ಸುಮಾರು 200 ಎಕರೆಯ ಕೆರೆ, ನಡುವೆ ವಿವೇಕಾನಂದರ ಪ್ರತಿಮೆ. ಅಂತರಗಂಗೆ ಹಬ್ಬಿದ ದಿನಗಳಲ್ಲಿ ಮಾತ್ರ ಅಲ್ಲಿ ನೀರೇ ಕಾಣದು. ಪ್ರತಿಮೆ ಹಸಿರು ಹೊಲದಲ್ಲಿ ನಿಂತಂತಿರುತ್ತದೆ.

ಕಾಗದದಲ್ಲಿ ಉಣಕಲ್ ಕೆರೆ, ಊರವರ ಬಾಯಲ್ಲಿ ಬರೀ 'ಕೆರಿ'. ಹುಬ್ಬಳ್ಳಿಯ ಬಡಾವಣೆ ಎನಿಸಿಕೊಳ್ಳುವ ಎಷ್ಟೋ ಮೊದಲೇ ಉಣಕಲ್ ತಾನೇ ಒಂದು ಊರು. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇಲ್ಲಿದೆ, ಸಿದ್ಧಪ್ಪಜ್ಜನ ಮಠವಿದೆ. 1962ರಲ್ಲಿ ಹುಬ್ಬಳ್ಳಿ–ಧಾರವಾಡ ಒಂದೇ ಮಹಾನಗರ ಪಾಲಿಕೆಯಾದವು. ನೀರಸಾಗರದ ನೀರು, ಆಮೇಲೆ ಸವದತ್ತಿಯಿಂದ ಮಲಪ್ರಭೆಯ ನೀರು ನಳಕ್ಕೆ ಬಂತು. ಕೊಡ ಹಿಡಿದು ಕೆರಿಗೆ ಹೋಗುವ ಕೆಲಸ ಉಳಿಯಲಿಲ್ಲ. ಗಟಾರದ ನೀರು ಕೆರೆಯನ್ನು ಕೆಡಿಸಿತು ಅನ್ನುತ್ತೇವೆ, ನಿಜ. ಆದರೆ ನಮ್ಮ ಕಾಲು ಅತ್ತ ಹೋಗುವುದು ನಿಂತಿದ್ದರಿಂದಲೇ ಗಟಾರಕ್ಕೆ ಅಷ್ಟು ಧೈರ್ಯ ಬಂತು ಎಂದು ನನಗನಿಸುತ್ತದೆ.

ಈ ಸೀಮೆಯವರಿಗೆ ಕೆರೆಯ ಜೊತೆ ನೀರಿನಷ್ಟೇ ಮಣ್ಣಿನ ನಂಟೂ ಇತ್ತು. ಕಾರ ಹುಣ್ಣಿಮೆಗೆ ಎತ್ತುಗಳ ಮೈತೊಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂಟು ಯರಿಮಣ್ಣು ತಂದು, ಕಲ್ಲು ಕಡ್ಡಿ ಆರಿಸಿ, ಅಂಗೈಗೆ ನೀರು ಹಚ್ಚಿಕೊಂಡು ನಾದಬೇಕು. ಇಣಿ ಎಳೆಯುವಾಗ ಮಣ್ಣು ಸೀಳಿದರೆ ಹದ ಬಂದಿಲ್ಲ ಎಂದರ್ಥ, ಮತ್ತೆ ನಾದು. ಪೂಜೆ ಮುಗಿದ ಮೇಲೆ ಆ ಎತ್ತುಗಳು ನೀರಿಗೇ ಹೋಗುತ್ತವೆ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನ ಪೂಜೆ: ಅದೇ ಮಣ್ಣು, ಗುಲಗಂಜಿಯ ಸಿಂಗಾರ. ಬೇಸಿಗೆಯಲ್ಲಿ ಬತ್ತಿದ ಕೆರೆಗಳ ಗೋಡು ಚಕ್ಕಡಿಯಲ್ಲಿ ಹೊಲ ಸೇರುತ್ತಿತ್ತು. ಹೂಳೆತ್ತುವುದು ಆಗ ಒಂದು ಯೋಜನೆಯಾಗಿರಲಿಲ್ಲ, ಒಕ್ಕಲುತನದ ಒಂದು ಕೆಲಸವಾಗಿತ್ತು.

ಈಗ ಕೆರೆಯಿಂದ ಮೇಲೆ ಬರುವುದು ಅಂತರಗಂಗೆ. ದಂಡೆಗೆ ಎಳೆದು ಹಾಕಿದ ಒಂದು ಗಿಡ ಎತ್ತಿ ನೋಡಿದೆ. ಎಲೆಯ ದಂಟಿನಲ್ಲಿ ಗಾಳಿ ತುಂಬಿದ ಬುಗ್ಗೆ, ಒತ್ತಿದರೆ ಪಟ್ಟೆಂದು ಒಡೆಯುತ್ತದೆ. ಕೆಳಗೆ ಕಪ್ಪು ಬೇರಿನ ಜೂಲು, ಅದರ ತುಂಬ ರಾಡಿ, ಗಟಾರದ ವಾಸನೆ. ದಕ್ಷಿಣ ಅಮೆರಿಕದಿಂದ ಬಂದ ಈ ಸಸ್ಯಕ್ಕೆ ಚರಂಡಿ ನೀರಿನ ಸಾರಜನಕ, ರಂಜಕವೇ ಗೊಬ್ಬರ. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಯಂತ್ರ ಹಚ್ಚಿ ತೆಗೆದರೂ ಊಟ ಬರುವ ದಾರಿ ತೆರೆದೇ ಇರುವವರೆಗೆ ಅದು ಹೋಗುವುದಿಲ್ಲ.

ಕೆಟ್ಟ ನೀರುನೆಲವನ್ನು ಸರಿಪಡಿಸಲು ಮೊದಲು ದಾರಿ ಮುಚ್ಚಬೇಕು ಎಂಬುದಕ್ಕೆ ದೂರದ ಒಂದು ಉದಾಹರಣೆಯಿದೆ. ಇಂಡೊನೇಷ್ಯಾದಲ್ಲಿ ಸಾವಿರಾರು ವರ್ಷದ ಸಸ್ಯಶೇಷ ಅಡಕವಾದ ಜೌಗುನೆಲಗಳಿವೆ. ಕಾಲುವೆ ತೋಡಿ ಅವುಗಳ ನೀರು ಬಸಿದರು. ಒಣಗಿದ ನೆಲ 2015ರಲ್ಲಿ ಹೊತ್ತಿ ಉರಿಯಿತು. ಮರುವರ್ಷ ಆ ನೆಲಕ್ಕೆ ಮತ್ತೆ ನೀರುಣಿಸಲೆಂದೇ ಸರ್ಕಾರ ಒಂದು ಸಂಸ್ಥೆ ಕಟ್ಟಿತು. ಅಲ್ಲಿಯ ಮೊದಲ ಕೆಲಸಗಳಲ್ಲೊಂದು ಕಾಲುವೆಗಳಿಗೆ ಒಡ್ಡು ಹಾಕುವುದು. ನಮ್ಮಲ್ಲೂ ಕೆಲಸ ಶುರುವಾಗಬೇಕಾದ್ದು ಗಟಾರ ಕೆರೆ ಸೇರುವ ಬಾಯಿಂದಲೇ.

ಕೆರೆಯಿಂದ ಹೊರಟು ಊರೊಳಗೆ ಹಾಯುವ ಉಣಕಲ್ ನಾಲಾದ ಗುಂಟ ಸ್ಮಾರ್ಟ್ ಸಿಟಿಯವರು ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ಹಸಿರು ಕಾರಿಡಾರ್ ಕೈಗೆತ್ತಿಕೊಂಡರು. ನಡೆಯುವ ದಾರಿ, ಸೈಕಲ್ ದಾರಿ ಬೇಕು. ಮೂಗು ಮುಚ್ಚಿ ದಾಟುತ್ತಿದ್ದ ನಾಲಾದ ಪಕ್ಕ ಮಂದಿ ನಡೆದಾಡುವಂತಾದರೆ ಅದು ಸಣ್ಣ ಮಾತಲ್ಲ. ಆದರೆ ಕೆರೆಯನ್ನು ಕಟಾಂಜನದಾಚೆ ನಿಂತು ನೋಡುವುದೇ ಬೇರೆ, ಅದರ ಮಣ್ಣು ಮುಟ್ಟುವುದೇ ಬೇರೆ.

ಮಣ್ಣೆತ್ತು ಈಗ ಪೇಟೆಯಲ್ಲಿ ಜೋಡಿಗಿಷ್ಟು ಎಂದು ಸಿಗುತ್ತದೆ, ಬಣ್ಣ ಬಳಿದದ್ದೂ ಸಿಗುತ್ತದೆ. ಕೆರಿಯ ಹೂಳೆತ್ತುವಾಗ ಮೊದಲು ಅದನ್ನು ಪರೀಕ್ಷೆ ಮಾಡಿಸಲಿ. ಇಷ್ಟು ವರ್ಷ ಗಟಾರ ಉಂಡ ಮಣ್ಣು ಅದು. ಚೊಕ್ಕ ಇದೆಯೆಂದಾದರೆ ಹೊಲಕ್ಕೆ ಟ್ರ್ಯಾಕ್ಟರ್ ಹೋಗಲಿ, ಒಂದೊಂದು ಬುಟ್ಟಿ ಉಣಕಲ್ಲಿನ ಓಣಿಗಳಿಗೂ ಬರಲಿ, ಅಮಾವಾಸ್ಯೆಗೆ ಎರಡು ದಿನ ಮುಂಚೆ.