ಮನಸ್ಸಿನೊಳಗಣ ಅಪರಾಧ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಲ್ಲಿ ಈಚೆಗೆ ನಾವು ಸ್ನೇಹಿತರೊಬ್ಬರ ಮನೆಯಲ್ಲಿ ಒಂದು ರಾತ್ರಿ ತಂಗಬೇಕಾಗಿ ಬಂದಿತು. ಊಟವಾದ ಮೇಲೆ ಮನೆಯ ಹುಡುಗರು ದೂರದರ್ಶನದ ತೆರೆಯ ಮೇಲೆ ‘ಸ್ಟಾರ್ ಟ್ರೆಕ್: ವಾಯೇಜರ್’ ಎಂಬ ಅಮೆರಿಕದ ಕಥಾಮಾಲೆಯ ಒಂದು ಪ್ರಕರಣವನ್ನು ಹಾಕಿದರು. 1997ನೆಯ ಇಸವಿ ನವಂಬರಿನಲ್ಲಿ ಮೊದಲು ಪ್ರಸಾರವಾದ ಆ ಪ್ರಕರಣಕ್ಕೆ ‘ರ್‍ಯಾಂಡಮ್ ಥಾಟ್ಸ್’ ಎಂದು ಹೆಸರು. ಆಕಾಶನೌಕೆಯೊಂದು ‘ಮಾರಿ’ ಎಂಬ ಜನರ ಲೋಕಕ್ಕೆ ಬರುತ್ತದೆ. (ಈ ಹೆಸರನ್ನು ಕೇಳಿ ಒಳಗಿನಿಂದ ಹೆಂಗಸರು ನಕ್ಕರು.) ಅಲ್ಲಿಯವರು ಒಬ್ಬರ ಮನಸ್ಸನ್ನು ಒಬ್ಬರು ಓದಬಲ್ಲರು, ಆದುದರಿಂದ ಹಿಂಸೆಯ ಆಲೋಚನೆಯನ್ನೇ ಅಪರಾಧವೆಂದು ಶಾಸನ ಮಾಡಿಕೊಂಡಿರುವರು. ನೌಕೆಯ ಯಂತ್ರಾಧಿಕಾರಿಣಿ ಟಾರೆಸ್ ಎಂಬಾಕೆಗೆ ಪೇಟೆಯಲ್ಲಿ ಒಬ್ಬನು ಡಿಕ್ಕಿ ಹೊಡೆಯುತ್ತಾನೆ. ಆಕೆಗೆ ಕ್ಷಣಕಾಲ ಸಿಟ್ಟು ಬರುತ್ತದೆ. ಕೈ ಎತ್ತುವುದಿಲ್ಲ. ಕೆಲವು ನಿಮಿಷಗಳಲ್ಲಿ ಡಿಕ್ಕಿ ಹೊಡೆದವನೇ ಮತ್ತೊಬ್ಬನನ್ನು ಬಡಿಯುತ್ತಾನೆ. ಸೆರೆಯಾಗುವವಳು ಟಾರೆಸ್! ಆಕೆಯ ಮೆದುಳಿನಿಂದ ಆ ಆಲೋಚನೆಯನ್ನು ಕಿತ್ತು ತೆಗೆಯಬೇಕೆಂಬುದೇ ಶಿಕ್ಷೆ.

ಜಗಲಿಯಲ್ಲಿದ್ದ ಹಿರಿಯರೊಬ್ಬರಿಗೆ ನಾವು ಈ ಕಥೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆವು. ತೋಟದ ಬದುವಿನ ವಿಷಯದಲ್ಲಿ ನೆರೆಯವನೊಡನೆ ಬಹುಕಾಲದಿಂದ ವ್ಯಾಜ್ಯವಾಡುತ್ತಿರುವವರು ಅವರು. “ಆ ಲೆಕ್ಕಕ್ಕೆ ನಮ್ಮೂರೋರೆಲ್ಲಾ ಜೇಲಿನಾಗೇ ಇರಬೇಕಾಯ್ತದೆ ಸ್ವಾಮಿ, ಬೀಗ ಹಾಕೋನೂ ಒಳಗೇ ಇರ್ತಾನೆ” ಎಂದರು. ಬದುವಿನ ಮೇಲೆ ಕುಡುಗೋಲು ಹಿಡಿದು ನಿಂತವನ ಮನಸ್ಸಿನಲ್ಲಿ ಏನೇನು ಬಂದು ಹೋಗುವುದೆಂಬುದನ್ನು ಅವರಿಗಿಂತ ಬಲ್ಲವರಾರು? ಆದರೂ ಕುಡುಗೋಲು ಮನೆಗೆ ಮರಳಿ ಸೂರಿಗೆ ಸಿಕ್ಕಿಕೊಳ್ಳುತ್ತದೆ. ಮರುದಿನ ಇಬ್ಬರೂ ಒಂದೇ ಅಂಗಡಿಯಲ್ಲಿ ಬೀಡಿ ಕೊಳ್ಳುತ್ತಾರೆ.

ಇದು ಆಕಾಶದ ಕಟ್ಟುಕಥೆ, ನಮಗೇನು ಎಂದು ವಾಚಕರು ತಳ್ಳಿಹಾಕುವಂತಿಲ್ಲ. ಮನಸ್ಸಿನ ಸ್ಥಿತಿಯನ್ನೇ ಅಪರಾಧವಾಗಿಸುವ ಕಾನೂನು ನಮ್ಮ ದೇಶದಲ್ಲಿ 1870ರಲ್ಲಿಯೇ ಬಂದಿತು. ದಂಡಸಂಹಿತೆಯ 124ಎ ಕಲಮು ದಂಡಿಸಲು ಹೊರಟುದು ಸರಕಾರದ ಮೇಲಣ ಅಪ್ರೀತಿಯನ್ನು ಹುಟ್ಟಿಸುವುದನ್ನು. 1897ರಲ್ಲಿ ಲೋಕಮಾನ್ಯ ತಿಲಕರ ವಿಚಾರಣೆಯಲ್ಲಿ ಮುಂಬಯಿಯ ನ್ಯಾಯಮೂರ್ತಿ ಸ್ಟ್ರೇಚಿಯವರು, ಅಪ್ರೀತಿಯೆಂದರೆ ಪ್ರೀತಿಯ ಅಭಾವವೇ ಎಂದು ಅರ್ಥಮಾಡಿದರು. ಅದೇ ಕಲಮು 1908ರಲ್ಲಿ ತಿಲಕರನ್ನು ಆರು ವರ್ಷಗಳಿಗೆ ಶಿಕ್ಷಿಸಿ ಮಂಡಾಲೆಗೆ ಕಳುಹಿಸಿತು. 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಮಹಾತ್ಮರು, ಪ್ರೀತಿಯನ್ನು ಕಾನೂನಿನಿಂದ ತಯಾರಿಸಲಾಗದು ಎಂಬರ್ಥದ ಮಾತನ್ನಾಡಿ ಆರು ವರ್ಷಗಳ ಶಿಕ್ಷೆಯನ್ನು ಸ್ವೀಕರಿಸಿದರು. ಆಗಿನ ಆಳರಸರಿಗೆ ಒಂದೇ ಕೊರತೆ: ಪ್ರಜೆಯ ತಲೆಯೊಳಗೆ ಇಣುಕುವ ಯಂತ್ರವಿರಲಿಲ್ಲ, ಪತ್ರಿಕೆಯ ಕಾಲಮುಗಳಲ್ಲಿ ಮನಸ್ಸನ್ನು ಹುಡುಕಬೇಕಾಗಿತ್ತು.

ಅಂಥ ಯಂತ್ರವನ್ನು ಈ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ತಂದ ಊರುಗಳಲ್ಲಿ ನಮ್ಮ ಬೆಂಗಳೂರು ಮುಂದಿನ ಸಾಲಿನಲ್ಲಿದ್ದುದನ್ನು ಇಲ್ಲಿ ಸ್ಮರಿಸಬೇಕಾಗಿದೆ. ರಕ್ತನಾಳದೊಳಗೆ ಸೋಡಿಯಂ ಪೆಂಟೊಥಾಲ್ ಎಂಬ ಔಷಧವನ್ನು ಹರಿಸಿ, ಅರೆನಿದ್ರೆಯಲ್ಲಿರುವವನನ್ನು ಪ್ರಶ್ನಿಸುವುದು ಒಂದು ಕ್ರಮ. ತಲೆಗೆ ವಿದ್ಯುದ್ವಾರಗಳನ್ನಂಟಿಸಿ, ಅಪರಾಧಕ್ಕೆ ಸಂಬಂಧಿಸಿದ ಮಾತು ಕೇಳಿದ ಸುಮಾರು 300 ಮಿಲಿಸೆಕೆಂಡುಗಳಲ್ಲಿ ಮೆದುಳಿನಲ್ಲೇಳುವ ತರಂಗವನ್ನು ಹಿಡಿಯುವುದು ಇನ್ನೊಂದು. ಈ ಎರಡನೆಯ ಜಾತಿಯ ಒಂದು ಪರೀಕ್ಷೆಯನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಸಿ. ಆರ್. ಮುಕುಂದನ್ ಅವರು. 2008ರಲ್ಲಿ ಅದೇ ನಿಮ್ಹಾನ್ಸಿನ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿಯೊಂದು, ಈ ಮೆದುಳಿನ ಪರೀಕ್ಷೆಗೆ ತಕ್ಕ ವೈಜ್ಞಾನಿಕ ಆಧಾರವಿಲ್ಲವೆಂದು ವರದಿ ಕೊಟ್ಟಿತು! ಅದೇ ವರ್ಷ ಪುಣೆಯ ನ್ಯಾಯಾಲಯವು ಕೊಲೆಯ ಮೊಕದ್ದಮೆಯೊಂದರಲ್ಲಿ ಇದರ ಫಲಿತಾಂಶವನ್ನು ಇತರ ಸಾಕ್ಷ್ಯಗಳ ಜೊತೆಗಿಟ್ಟು ನಂಬಿತ್ತು.

ಕಾರಣವು ಸರಳವಾಗಿಯೇ ಇದೆ. ಊರಿನಲ್ಲಾದ ಕೊಲೆಯನ್ನು ಕಂಡವನು, ಮಾಡಿದವನು, ಸಂತೆಯಲ್ಲಿ ಅದರ ಸುದ್ದಿ ಕೇಳಿ ರಾತ್ರಿಯೆಲ್ಲ ನಿದ್ದೆಗೆಟ್ಟವನು, ಈ ಮೂವರ ತಲೆಯಲ್ಲಿಯೂ ಆ ಮಾತಿಗೆ ಅಲೆ ಏಳಬಹುದು. ಔಷಧದ ಮಂಪರಿನಲ್ಲಿರುವವನಾದರೋ ಕಂಡುದನ್ನೂ ಕಲ್ಪಿಸಿಕೊಂಡುದನ್ನೂ ಕೇಳುವವನು ಬಾಯಿಗಿತ್ತುದನ್ನೂ ಒಂದೇ ಧಾಟಿಯಲ್ಲಿ ಹೇಳುತ್ತಾನೆ.

ಕರ್ನಾಟಕದ ಉಚ್ಚನ್ಯಾಯಾಲಯವು 2004ರಲ್ಲಿ ಇಂಥ ಪರೀಕ್ಷೆಗಳಿಗೆ ಸಮ್ಮತಿಯಿತ್ತಿದ್ದಿತು. ಅದರ ಮೇಲಣ ಅಪೀಲುಗಳಲ್ಲಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣವೆಂದು ಹೆಸರಾದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು 2010ನೆಯ ಮೇ 5ರಂದು ಕೊಟ್ಟರು. ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗಳಿಗೆ ಒಳಪಡಿಸತಕ್ಕುದಲ್ಲ; ಹಾಗೆ ಮಾಡುವುದು ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕಿಗೆ, ಅಂದರೆ ಸಂವಿಧಾನದ 20ನೆಯ ಅನುಚ್ಛೇದದ ಮೂರನೆಯ ಖಂಡಕ್ಕೂ, 21ನೆಯ ಅನುಚ್ಛೇದಕ್ಕೂ ವಿರೋಧವೆಂದು ಅವರು ನಿರ್ಣಯಿಸಿದರು.

ಕೊಲೆಯಾದವರ ಮನೆಯವರ ಸಂಕಟವನ್ನು ನಾವು ಹಗುರಮಾಡುತ್ತಿಲ್ಲ. ಪೊಲೀಸು ಅಧಿಕಾರಿಗಳಿಗೂ ಕಷ್ಟವಿದೆ. ಸಾಕ್ಷಿಗಳು ಹೆದರಿ ತಿರುಗಿ ಬೀಳುವ ನಾಡಿನಲ್ಲಿ ಯಂತ್ರವೊಂದು ನಿಜ ಹೇಳುವುದೆಂದರೆ ಯಾರಿಗೆ ಆಸೆಯಾಗದು? ಆದರೆ ‘ಮಾರಿ’ ಜನರ ಅಧಿಕಾರಿಣಿಯೂ ಕೇಡಿಗಳಲ್ಲೊಬ್ಬಳಲ್ಲ, ಪ್ರಾಮಾಣಿಕಳೇ. ಅವಳು ಕಾಯುತ್ತಿದ್ದ ಊರಿನಲ್ಲಿಯೇ ನಿಷಿದ್ಧವಾದ ಹಿಂಸಾಭಾವನೆಗಳನ್ನು ಕಳ್ಳಭಟ್ಟಿಯಂತೆ ಮರೆಯಲ್ಲಿ ಮಾರುವವರಿದ್ದರು. ಟಾರೆಸಳ ಸಿಟ್ಟನ್ನು ಬೇಕೆಂದೇ ಕೆಣಕಿ ಕದ್ದವನೂ ಅಂಥ ವ್ಯಾಪಾರಿಯೇ.

ಈಗ ಉಳಿದಿರುವುದು ಒಪ್ಪಿಗೆಯ ಪ್ರಶ್ನೆ. ಠಾಣೆಯಲ್ಲಿ ಕುಳಿತವನು ‘ಒಪ್ಪಿದೆನು’ ಎಂದು ಹೆಬ್ಬೆಟ್ಟೊತ್ತಿದರೆ ಅದು ಒಪ್ಪಿಗೆಯೇ? ಸುಳ್ಳುಪತ್ತೆಯ ಯಂತ್ರದ ವಿಷಯದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2000ದಲ್ಲಿ ಹಾಕಿದ ನಿಯಮಗಳಂತೆ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ಆತನಿಗೆ ವಕೀಲರ ಸಹಾಯ ದೊರೆಯಬೇಕು. ಇದೇ ನಿಯಮಗಳನ್ನು ಉಳಿದ ಪರೀಕ್ಷೆಗಳಿಗೂ ಅನುಸರಿಸಬೇಕೆಂದು 2010ರ ತೀರ್ಪು ವಿಧಿಸಿದೆ. ಹೊಳಲ್ಕೆರೆ, ಹಿರಿಯೂರು, ಹೊಸದುರ್ಗಗಳಂಥ ಊರುಗಳಲ್ಲಿ ಕೋರ್ಟಿನ ಮೆಟ್ಟಿಲನ್ನು ಮೊದಲ ಸಲ ಹತ್ತುವ ರೈತನಿಗೆ ಈ ನಿಯಮಗಳನ್ನು ಕನ್ನಡದಲ್ಲಿ ಓದಿ ಹೇಳಿ, ‘ಒಲ್ಲೆ’ ಎನ್ನಲು ಅವನಿಗೆ ಅಧಿಕಾರವುಂಟೆಂದು ತಿಳಿಸಿದ ಬಳಿಕವೇ ರುಜು ತೆಗೆದುಕೊಳ್ಳುವಂತೆ ಸರಕಾರವು ಪ್ರತಿಯೊಂದು ಠಾಣೆಗೂ ಆಜ್ಞೆಮಾಡಬೇಕು.